ಓದುವವನ ಪಾಲಿನ ಬೀಡಿ

ತಲೆಗೆ ಹತ್ತು ಬೀಡಿ ನನ್ನ ಹೆಸರಿಗೆ ಕಟ್ಟುತ್ತಿದ್ದರು
ಬಂದರಿನ ಆ ಶೆಡ್ಡಿನಲ್ಲಿ, ಇಪ್ಪತ್ತಾರು ಜನ.
ಬದಲಿಗೆ ನಾನು ಪೇಪರ್ ಓದಬೇಕು,
ಗಂಟಲು ಕಟ್ಟಿದರೂ, ಹೊಗೆಸೊಪ್ಪಿನ ಘಾಟಿಗೆ ಕಣ್ಣು ಉರಿದರೂ.
ಐದನೇ ಕ್ಲಾಸು ಪಾಸು. ಹದಿಮೂರು ವರ್ಷ.

ನಲವತ್ತನೇ ಇಸವಿಯ ನವೆಂಬರ್.
ಮಂಗಳೂರಿಗೆ ಮುಟ್ಟುವಾಗ ಸುದ್ದಿಗೆ ಮೂರು ದಿನ ಪ್ರಾಯ.
"ಗ್ರೀಸ್ ಅಂದರೆ ಯಾವ ದಿಕ್ಕು?" ಇದ್ದಿನಬ್ಬ ಕೇಳಿದ.
ಅಳಿವೆಯ ಆಚೆ ಕೈ ತೋರಿಸಿದೆ;
ಕಡಲಿನಾಚೆ ಇರುವುದೆಲ್ಲ ನನಗೆ ಒಂದೇ ದಿಕ್ಕು.

ರಾತ್ರಿ ಮೂರು ಗಂಟೆಗೆ ಬಾಗಿಲು ತಟ್ಟಿದನಂತೆ ಇಟಲಿಯವನು:
ದಾರಿ ಬಿಡಿ, ಕೋಟೆ ಬಿಡಿ, ಬೆಳಕು ಹರಿಯುವುದರೊಳಗೆ.
ಇವರು ಕೊಟ್ಟದ್ದು ಒಂದೇ ಮಾತು, ಇಲ್ಲ.
ಅವರ ಭಾಷೆಯಲ್ಲಿ ಅದು 'ಓಹಿ'
ಎಂದ ಲಿಗೋರಿ, ಹಡಗಿನಲ್ಲಿ ಅಡುಗೆ ಮಾಡಿ ಬಂದವನು.
ಶೆಡ್ಡು ನಕ್ಕಿತು. ದಕ್ಕೆಯಲ್ಲಿ
ದೋಣಿಯಿಂದ ದೋಣಿಗೆ ನಾವು ಕೂಗುವ 'ಓಯ್' ಅಲ್ಲವಾ ಇದು?

ಆಮೇಲೆ ಬೆಟ್ಟ. ಬೆಟ್ಟದ ಮೇಲೆ ಹಿಮ.
ಹಿಮ ಅಂದರೆ? ಸೋಡಾ ಅಂಗಡಿಯವನು
ಮರದ ಹೊಟ್ಟಿನಲ್ಲಿ ಹೂತಿಡುವ ಐಸು, ಅದೇ, ಸೊಂಟದವರೆಗೆ.
ಹೇಸರಗತ್ತೆಯೂ ಹತ್ತದ ಕಡೆ ಹೆಂಗಸರು
ಗುಂಡಿನ ಪೆಟ್ಟಿಗೆ ಬೆನ್ನಿಗೆ ಬಿಗಿದು ಹತ್ತಿದರು, ಎಂದು ಓದಿದೆ.

ಬಾಗಿಲಲ್ಲಿ ದೇಯಕ್ಕ ನಿಂತಿದ್ದಳು,
ಸ್ಟೇಷನ್ನಿನಿಂದ ಎಲೆಯ ಮೂಟೆ ಹೊತ್ತು ತಂದವಳು,
ಸಿಂಬಿ ಇನ್ನೂ ತಲೆಯಲ್ಲೇ.
"ಎಷ್ಟು ಭಾರ, ಒಂದು ಪೆಟ್ಟಿಗೆ?"
ಪೇಪರಿನಲ್ಲಿ ಬರೆದಿಲ್ಲ ಎಂದೆ.
"ಬರೆಯುವುದಿಲ್ಲ. ಹೊತ್ತವರನ್ನು ಕೇಳಬೇಕಲ್ಲ."
ಅಂದಿನಿಂದ ಮೂಟೆ ಇಳಿಸಿದ ಮೇಲೂ ಒಂದು ಗಳಿಗೆ ನಿಲ್ಲುತ್ತಿದ್ದಳು.

ಗ್ರೀಸಿಗೆ ದಪ್ಪ ಅಕ್ಷರದಲ್ಲಿ 'ಸ್ವಾತಂತ್ರ್ಯ' ಎಂದ ಹಾಳೆಯಲ್ಲೇ
ನಮ್ಮವರು ಜೈಲಿಗೆ ಹೋದದ್ದು, ಸಣ್ಣ ಅಕ್ಷರದಲ್ಲಿ, 'ಅಶಾಂತಿ'.
ಎರಡನ್ನೂ ಒಂದೇ ಸ್ವರದಲ್ಲಿ ಓದು ಎಂದಿದ್ದ ಇದ್ದಿನಬ್ಬ.
ಹೊರಗೆ ಕೆಂಪು ರುಮಾಲು ದಾಟಿದರೆ ಕೆಮ್ಮುತ್ತಿದ್ದ,
ಆಗ ನಾನು ಅಕ್ಕಿಯ ಧಾರಣೆಗೆ ಜಾರಬೇಕು.

ಏಪ್ರಿಲ್. ಸೆಕೆ. ಈ ಸಲ ಬಂದವನು ಜರ್ಮನಿಯವನು.
ದಿನಕ್ಕೊಂದು ಊರು ಬಿತ್ತು. ಒಂದು ಬೆಳಿಗ್ಗೆ
ಅಥೆನ್ಸಿನ ಗುಡ್ಡದ ಮೇಲೆ ಬೇರೆ ಬಾವುಟ.
ನಾನು ಓದಲಿಲ್ಲ.
ಕಣಿವೆಯಲ್ಲಿ ಇನ್ನೂ ನಿಂತಿದ್ದಾರೆ ಎಂದೆ,
ಇಲ್ಲದ ಊರಿಗೆ ಹೆಸರು ಕಟ್ಟಿದೆ,
ಸೇತುವೆ ಮುರಿದೆ, ಮುನ್ನೂರು ಜನರನ್ನು ಸೆರೆ ಹಿಡಿದೆ.
ಮೂರು ದಿನ ಗ್ರೀಸ್ ನನ್ನ ನಾಲಿಗೆಯ ಮೇಲೆ ಗೆದ್ದಿತು.

ನಾಲ್ಕನೆಯ ದಿನ ದೇಯಕ್ಕ ಹಾಳೆಯ ಮೇಲೆ ಕೈಯಿಟ್ಟಳು,
ಅಕ್ಷರ ಬಾರದವಳು.
"ನಿನ್ನ ಕಣ್ಣು ಇದರ ಮೇಲೆ ಓಡುತ್ತಿಲ್ಲ ಮಗಾ.
ಗೆದ್ದದ್ದನ್ನು ಮಾತ್ರ ಓದಲಿಕ್ಕಾ
ಇವರು ಹತ್ತು ಹತ್ತು ಬೀಡಿ ಕೊಡುವುದು?"

ಓದಿದೆ.
ಇಪ್ಪತ್ತಾರು ಕತ್ತರಿ ನಿಂತವು.
ಮೊದಲ ಸಲ ಶೆಡ್ಡಿನೊಳಗೆ ಹೊಳೆಯ ಸದ್ದು ಕೇಳಿತು.
ಲಿಗೋರಿ ಎದ್ದು ಹೋಗಿ ಸುಮ್ಮನೆ ಮುಖ ತೊಳೆದು ಬಂದ.

ಮೇ ತಿಂಗಳು, ಕ್ರೀಟ್: ಕೊಡೆ ಬಿಚ್ಚಿ ಆಕಾಶದಿಂದ ಇಳಿದವರಿಗೆ
ಊರವರು ಕುಡುಗೋಲು ಹಿಡಿದು ಎದುರಾದದ್ದು.
ಅಲ್ಲಿಯೂ ಸೋಲು. ಅದನ್ನೂ ಓದಿದೆ, ಸ್ವರ ಬದಲಿಸದೆ.

ಮಳೆ ಹಿಡಿದ ಮೇಲೆ ಸಾಹುಕಾರರು
ಸಾವಿರ ಬೀಡಿಗೆ ಒಂದಾಣೆ, ಮೂಟೆಗೆ ಎರಡು ಕಾಸು ಇಳಿಸಿದರು.
"ಯುದ್ಧಕಾಲ ಅಲ್ಲವಾ," ಎಂದರು.
ಎಲೆಯ ಮೂಟೆಯನ್ನು ಸ್ಟೇಷನ್ನಿನ ಕೆಸರಿನಲ್ಲೇ ಬಿಟ್ಟು
ಬರಿಗೈಯಲ್ಲಿ ಬಂದು ನಿಂತಳು ದೇಯಕ್ಕ.
"ಓಯ್," ಎಂದಳು.
ಕರೆದಳೆಂದು ತಿಳಿದು ಸಾಹುಕಾರರು
"ಏನು?" ಎಂದು ತಲೆಯೆತ್ತಿದರು.

ಆ ವಾರ ಶೆಡ್ಡಿನಲ್ಲಿ ಒಂದು ಬೀಡಿಯೂ ಕಟ್ಟಲಿಲ್ಲ.
ನಾನು ಮಾತ್ರ ದಿನಾ ಓದಿದೆ,
ಸಾಲಕ್ಕೆ.