ಬಶಿ

ನಾಕಕ್ಕ ಕರೆಂಟು ಬಂದ್ ಮಾಡ್ತಾನ ಖಾಜಾಸಾಬ.
ಗರಗಸ ತಿರುಗಿ ತಿರುಗಿ ಮನಸಿಲ್ಲದ ನಿಲ್ಲತದ.
ಆಮ್ಯಾಲೂ ಕಿವ್ಯಾಗ ಒಂದೀಟು ಕಲ್ಲು ಕೊಯ್ಯತದ.

ಶಹಾಬಾದಿನ ಧೂಳು ನಮ್ಮ ಹುಬ್ಬಿನ ಮ್ಯಾಲ,
ಕಿಟಲಿಯ ಮೂತಿ ಮ್ಯಾಲ.
ಜಗದೇವಿ ಸೆರಗಲೆ ಒರಸಿ ಸುರೀತಾಳ:
ಅಲ್ಲ ಜಜ್ಜಿದ್ದು, ಸಕ್ರಿ ಜಾಸ್ತಿ, ಹಾಲು ಹೆಸರಿಗೆ.

ಆಕಿ ಮಗಳು ಫೋನಿನ್ಯಾಗ ಕೊರಿಯಾದ ಧಾರಾವಾಹಿ ನೋಡ್ತಾಳ.
ನಿನ್ನೆ ಅಂದಳು: "ಅಲ್ಲಿ ಬಶಿ ಇಲ್ಲ ಕಾಕಾ,
ಎರಡೂ ಕೈಲೆ ಹಿಡೀತಾರ ಬಟ್ಟಲ.
ಹಾಲಿಲ್ಲ, ಸಕ್ರಿಲ್ಲ,
ಗಡಿಬಿಡಿ ಅಂತೂ ಇಲ್ಲೇ ಇಲ್ಲ."
"ಮತ್ತ ಅದು ಕಷಾಯ ತಗೋ," ಅಂದ ಖಾಜಾ. ಎಲ್ಲಾರೂ ನಕ್ಕೆವು.

ಇವತ್ತ, ಯಾರೂ ನೋಡದಾಗ,
ಬಶಿ ಬದೀಗಿಟ್ಟೆ.
ಬಲಗೈಯ ಮೂರು ಬೆರಳು, ಎಡಗೈಯ ಐದು,
ಎಂಟೂ ಕಪ್ಪಿನ ಸುತ್ತ ಕುಂತವು.
ಸುಡಲಿಲ್ಲ. ಕಲ್ಲು ಹಿಡಿದ ತೊಗಲು.
ಆರಲಿಕ್ಕೆ ಭಾಳ ತಡಾ ಮಾಡ್ತು ಚಾ.

ಅಷ್ಟರಾಗ
ವಾಡಿ ಕಡೆ ಹೊಂಟ ಗೂಡ್ಸ್ ಗಾಡಿ ಕೇಳಿಸ್ತು,
ಜಗದೇವಿ ಖಾಲಿ ಕಪ್ ಒಂದರಾಗೊಂದು ಇಡೋದು,
ಬೇವಿನ್ಯಾಗ ಅಳಿಲು.
ಹನ್ನೊಂದು ವರ್ಷ ಆತು ಇಲ್ಲೇ ಇದ್ದೀನಿ,
ಆ ಗಿಡದಾಗ ಅಳಿಲು ಇದ್ದದ್ದು ಗೊತ್ತೇ ಇದ್ದಿಲ್ಲ.

ಖಾಜಾ ಕರೆಂಟು ಹಾಕಿದ.
ಬುಡಕ್ಕ ಧೂಳು ಕುಂತಿತ್ತು.
ಅದನ್ನೂ ಕುಡದೆ.