ಬುಧವಾರ

ನಲವತ್ತಾರನೇ ಬೀದಿಯ ನಾಟಕಶಾಲೆಯಲ್ಲಿ
ಕೋಟು ಕಾಯುವುದು ನನ್ನ ಕೆಲಸ.
ಹಿತ್ತಾಳೆ ಬಿಲ್ಲೆ ಕೊಡು, ಕೋಟು ತೂಗುಹಾಕು,
ಗೋಡೆಯಾಚೆಯ ನಗು ಕೇಳು.
ನಾನು ನಾಟಕ ನೋಡಿದ್ದು ಕಡಿಮೆ.

ಇರಾ ಪೆಸ್ಕಿನ್ ಒಳಗೆ ಕೂರುತ್ತಿರಲಿಲ್ಲ.
ನನ್ನ ಕಟಕಟೆಗೆ ಒರಗಿ, ಬಲಜೇಬಿನಿಂದ ಎಡಜೇಬಿಗೆ
ಒಂದೊಂದೇ ಒಣಕಡಲೆ ದಾಟಿಸುತ್ತಿದ್ದ,
ನಗುವಿಗೊಂದರಂತೆ.
'ಈಗಿನದು ಕೆಮ್ಮು, ಅದನ್ನೂ ಎಣಿಸಿಬಿಟ್ಟಿರಿ' ಅಂದೆ.
'ಸಾಲದಲ್ಲಿದ್ದೇನೆ ಓಪಲ್, ಇರಲಿ ಬಿಡು.'

ಬ್ರಾಂಕ್ಸಿನವನು. ಅಪ್ಪ ಕೊಡೆ ರಿಪೇರಿ.
ಇವನಿಗೆ ಹನ್ನೊಂದಾಗಿದ್ದಾಗ ಒಂದು ಬೆಳಿಗ್ಗೆ
ಅಪ್ಪ ಮನೆ ಬಿಟ್ಟು ಹೊರಟ.
ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಅಮ್ಮ
'ಇಷ್ಟು ಬಿಸಿಲಲ್ಲಿ ಕೊಡೆ ಬೇರೆ' ಅಂದಳಂತೆ.
ಅಷ್ಟೇ ಮಾತು. ಮೂರನೇ ನಾಟಕದ ಮೊದಲ ಅಂಕದಲ್ಲಿ
ನಾನೂರ ಹನ್ನೆರಡು ರಾತ್ರಿ
ಜನ ಅದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು.
ಮೊದಲ ರಾತ್ರಿ ಅಮ್ಮನೂ ಬಂದಿದ್ದಳು.
ವಿರಾಮಕ್ಕೇ ಎದ್ದು ಬಂದು ಬಿಲ್ಲೆ ಚಾಚಿದಳು.
ಹೊರಗೆ ಮಳೆ. ನನ್ನ ಕೊಡೆ ಕೊಡಹೋದೆ,
ಬೇಡವೆಂದು ತಲೆಯಾಡಿಸಿದಳು.

ಹಣ ಬಂತು. ಈಜುಕೊಳದ ಮನೆ, ಎರಡನೇ ಹೆಂಡತಿ,
ಮೊದಲನೆಯವಳ ವಕೀಲ,
ಪತ್ರಿಕೆಯಲ್ಲಿ ಹಲ್ಲು ಕಿರಿದ ಫೋಟೊ.
ಏಳನೇ ನಾಟಕ ನಾಲ್ಕೇ ದಿನಕ್ಕೆ ಮಗುಚಿತು.
ಆ ರಾತ್ರಿ ಬಲಜೇಬು ತುಂಬಿದಂತೆಯೇ ಇತ್ತು.
ಒಂದು ಕಡಲೆ ಬಾಯಿಗೆ ಹಾಕಿ ಕಟುಮ್ ಎಂದು ಕಡಿದ,
ಹಲ್ಲು ಮುರಿಯಿತು.
ತಡೆಯಲಾರದೆ ನಕ್ಕುಬಿಟ್ಟೆ.
ಕೆನ್ನೆ ಹಿಡಿದುಕೊಂಡೇ ಒಂದನ್ನು ಎಡಕ್ಕೆ ದಾಟಿಸಿದ.

ಇನ್ನೊಮ್ಮೆ ತಾಲೀಮಿನ ನಡುವೆ ಓಡಿಬಂದು ಕೇಳಿದ:
'ಗಂಡ ಸತ್ತದ್ದು ಮಂಗಳವಾರ ಅನ್ನಲೋ, ಬುಧವಾರ ಅನ್ನಲೋ?
ಯಾವುದಕ್ಕೆ ನಗು ಜಾಸ್ತಿ?'
ಮಂಗಳವಾರ, ಅಂದೆ.
ಬುಧವಾರ ಎರಡು ಆಟ,
ಮಧ್ಯಾಹ್ನ ನ್ಯೂಜೆರ್ಸಿಯಿಂದ ಬಸ್ಸುಗಟ್ಟಲೆ ಹೆಂಗಸರು,
ಮುನ್ನೂರು ಒದ್ದೆ ಕೋಟು, ನನ್ನ ಕಾಲು ಬಾತಿರುತ್ತೆ.
ಬುಧವಾರದಲ್ಲಿ ನಗುವಂಥದ್ದೇನೂ ಇಲ್ಲ.

ಮಂಗಳವಾರವೆಂದೇ ಬರೆದ. ಗೋಡೆ ಅದುರಿತು.
ಒಂದು ಇಡೀ ವರ್ಷ ಆ ನಗು ನನ್ನದೆಂದುಕೊಂಡು
ರಾತ್ರಿಯ ರೈಲಿನಲ್ಲಿ, ಯಾರಿಗೂ ಹೇಳದೆ,
ಹಾರ್ಲೆಮ್ಮಿಗೆ ಹೋದೆ.

ಕಳೆದ ಫೆಬ್ರವರಿಯಲ್ಲಿ ಆಸ್ಪತ್ರೆಯಿಂದ ಸುದ್ದಿ ಬಂದಾಗ
ಮಧ್ಯಾಹ್ನದ ಆಟ ನಡೆಯುತ್ತಿತ್ತು.
ಒಳಗೆ ಬೇರೆ ಯಾರದೋ ನಾಟಕ, ಯಾರೋ ಕೆಮ್ಮಿದರು.
ನಾನು ಕೋಟುಗಳ ನಡುವೆ ನಿಂತಿದ್ದೆ,
ಬಾತ ಕಾಲಲ್ಲಿ.
ಬುಧವಾರ.
ಹೇಳಿದ್ದೆನಲ್ಲ, ಮಿಸ್ಟರ್ ಪೆಸ್ಕಿನ್.