ಅಕ್ಕನಿಗೊಂದು ಚೂರಿ

ದಾರುಖಾನೆಯ ಗುಜರಿಯಲ್ಲಿ ತೂಕಕ್ಕೆ ಕೊಂಡ
ಲಾರಿಯ ಕಮಾನುಪಟ್ಟಿ.
ವಾರವಿಡೀ ವಿಮೆಯ ಕಡತ; ಭಾನುವಾರ
ಭಿವಂಡಿಯ ತಗಡಿನ ಶೆಡ್ಡು, ಇದ್ದಿಲು,
ಹೆಂಡತಿಯ ಹಳೇ ಹೇರ್ ಡ್ರೈಯರೇ ತಿದಿ.

“ಜೋರಾಗಲ್ಲ, ಸರಿಯಾಗಿ ಹೊಡಿ”
ಅನ್ನುತ್ತಾನೆ ಘಿಸಾಡಿ ಕೊಂಡಿಬಾ,
ನನ್ನ ಕೆಂಡದಲ್ಲೇ ಬೀಡಿ ಹೊತ್ತಿಸಿಕೊಳ್ಳುತ್ತ.

ಹದ ತಿಳಿಯಲು, ಫ್ರಿಜ್ಜಿನ ಬಾಗಿಲಿಂದ ಕದ್ದ ಆಯಸ್ಕಾಂತ:
ಕೆಂಪಾದ ಕಬ್ಬಿಣ ಅದರ ಸೆಳೆತ ಮರೆತ ಗಳಿಗೆ
ಎಣ್ಣೆಗೆ ಅದ್ದು.
ಮೊದಲೆರಡು ಟಿಣ್ಣೆಂದು ಬಿರಿದವು.
ಮೂರನೆಯದು ಕುದಿದು, ಹೊಗೆಯಾಡಿ,
ಸುಮ್ಮನಾಯಿತು.

ಮುಲುಂಡಿನಲ್ಲಿ ಅಕ್ಕ ಬಾಗಿಲು ತೆರೆದಳು.
ಅಪ್ಪನ ಚಾಳಿನ ಖೋಲಿ ಮಾರಿದಂದಿನಿಂದ
ಆರು ವರ್ಷ, ಮಾತಿಲ್ಲ.
ಚೂರಿ ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದಂತೆ;
ಟೀಪಾಯಿಯ ಮೇಲಿಡಲು ಬಗ್ಗಿದೆ.

“ಆಗೋದೆಲ್ಲ ಆಗಿದೆಯಲ್ಲ, ತಾ”
ಅಂಗೈ ಚಾಚಿದಳು.

ಅಲಗು ನನ್ನ ಕಡೆ ತಿರುಗಿಸಿ
ಹಿಡಿ ಕೊಟ್ಟೆ. ಶೀಶಮ್ ಮರ,
ಇನ್ನೂ ಎಣ್ಣೆ ಆರಿರಲಿಲ್ಲ.

ಹೆಬ್ಬೆರಳ ಉಗುರಿನ ಮೇಲೆ ಅಂಚು ಎಳೆದು
“ಮೊಂಡು” ಅಂದಳು.
ಸೋಫಾದ ಮೇಲೆ ರಾಶಿಬಿದ್ದಿದ್ದ
ಒಗೆದ ಬಟ್ಟೆಗಳನ್ನು ಆಚೆ ಸರಿಸಿದಳು.